ದೊಡ್ಡಪ್ಪನ ಹಳೇ ಕಂಪ್ಯೂಟರಿಗೆ ಯಾವುದು ಆಗ್ತದೆ? ವರ್ಡ್, ಲಿಬ್ರೆಆಫೀಸ್, ಗೂಗಲ್ ಡಾಕ್ಸ್ ಮತ್ತು ಒಂದು ಸ್ಕ್ರೂ ಡ್ರೈವರ್

ಉಡುಪಿಯ ಕುಂಜಿಬೆಟ್ಟಿನಿಂದ ದೊಡ್ಡಪ್ಪನ ಫೋನು. "ಮಾಣಿ, ನಾನು ಟೈಪ್ ಮಾಡಿದ ಅಕ್ಷರ ಪ್ರತಿ ಸ್ಟಾಪಿನಲ್ಲೂ ನಿಂತು ನಿಂತು ಬರ್ತದೆ. ಒಮ್ಮೆ ಬಂದು ನೋಡು ಮಾರಾಯ."

ಹೋಗಿ ನೋಡಿದೆ. ಮಾತು ಸುಳ್ಳಲ್ಲ. 'ಭಾಗವತರು' ಎಂದು ಹೊಡೆದು ಕೈ ತೆಗೆದರು. ಪರದೆಯಲ್ಲಿ 'ಭಾಗ' ಮಾತ್ರ ಇತ್ತು. ಅವರು ಕನ್ನಡಕ ತೆಗೆದು, ಪಂಚೆಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಳ್ಳುವಾಗ 'ವತರು' ಬಂತು.

ಕಂಪ್ಯೂಟರು 2012ರಲ್ಲಿ ಜೋಡಿಸಿದ್ದು. 2 ಜಿಬಿ ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 7 ಇದ್ದದ್ದನ್ನು ಯಾರೋ 10 ಮಾಡಿಕೊಟ್ಟಿದ್ದಾರೆ. ಅದರಲ್ಲಿ ವರ್ಡ್ 2010. ದೊಡ್ಡಪ್ಪ ಬರೆಯುತ್ತಿರುವುದು ತಾವು ನೋಡಿದ ಯಕ್ಷಗಾನ ಆಟಗಳ ನೆನಪು. 212 ಪುಟ, ಎಲ್ಲ ಒಂದೇ ಫೈಲಿನಲ್ಲಿ. ಹಳೇ ಫೋಟೊ, ಆಟದ ಹ್ಯಾಂಡ್‌ಬಿಲ್ ಎಲ್ಲವನ್ನೂ ಮೊಬೈಲಿನಲ್ಲಿ ತೆಗೆದು ಹಾಗೇ ಒಳಗೆ ತುಂಬಿದ್ದರು. ಫೈಲು 64 ಎಂಬಿ. ರಿಪೇರಿಯವರೊಬ್ಬರು ನೋಡಿ "ಇದು ಆಗ್ಲಿಕ್ಕಿಲ್ಲ, ಹೊಸತೇ ತಗೊಳ್ಳಿ" ಎಂದು ಹೇಳಿ ಹೋಗಿದ್ದರಂತೆ. ದೊಡ್ಡಪ್ಪನಿಗೆ ಹೊಸತು ಬೇಡ. ನನಗೆ ಶನಿವಾರ ರಜೆ. ಹಾಗೆ ಶುರುವಾಯಿತು.

ಅಳತೆ ಒಂದೇ ಇರಲಿ ಎಂದು ಮೊಬೈಲಿನ ಸ್ಟಾಪ್‌ವಾಚ್ ಹಿಡಿದೆ. ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದಲ್ಲಿಂದ ಒಂದು ಅಕ್ಷರ ಹೊಡೆದು ಅದು ಕಾಣುವವರೆಗೆ ಎಷ್ಟು ಹೊತ್ತು ಎಂದು ನೋಡುವುದು. ವರ್ಡ್ ಇದ್ದ ಹಾಗೇ: 1 ನಿಮಿಷ 50 ಸೆಕೆಂಡು.

ಮೊದಲು ಮಾಡಿದ್ದು ಸೇಫ್ ಮೋಡ್ ಪರೀಕ್ಷೆ. ಕಂಟ್ರೋಲ್ ಕೀಲಿ ಒತ್ತಿ ಹಿಡಿದು ವರ್ಡ್ ತೆರೆದರೆ ಅದು ಹೊರಗಿನಿಂದ ಸೇರಿಸಿದ ಪುಟ್ಟ ತಂತ್ರಾಂಶಗಳಾದ ಆ್ಯಡ್-ಇನ್‌ಗಳನ್ನು ಬಿಟ್ಟು, ಬರಿಮೈಯಲ್ಲಿ ಏಳುತ್ತದೆ. ಹಾಗೆ ತೆರೆದಾಗ ಸರಿಯಾಗಿ ಓಡಿದರೆ ತಪ್ಪು ಆ್ಯಡ್-ಇನ್‌ನದ್ದು ಅಂತ ಲೆಕ್ಕ. ಇಲ್ಲಿ ಏನೂ ಬದಲಾಗಲಿಲ್ಲ. ಅಂದರೆ ರೋಗ ಬೇರೆ ಕಡೆ ಉಂಟು.

ಪುಟ ಜಾರಿಸುತ್ತಾ ಹೋದಾಗ ಕಂಡಿತು. ಪುಟದ ತುಂಬ ಕೆಂಪು ಗೆರೆ. ದೊಡ್ಡಪ್ಪ ಬರೆಯುವುದು 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೇ ಫಾಂಟಿನಲ್ಲಿ, ಕನ್ನಡಕ್ಕೆ ಅದರದ್ದೇ ಸಂಕೇತಗಳಿರುವ ಯುನಿಕೋಡಿನಲ್ಲಿ ಅಲ್ಲ. ನುಡಿಯ ಹಳೇ ಫಾಂಟುಗಳಲ್ಲಿ ನಮಗೆ ಕಾಣುವುದು ಕನ್ನಡ, ಕಂಪ್ಯೂಟರಿನ ಹೊಟ್ಟೆಯಲ್ಲಿರುವುದು ಇಂಗ್ಲಿಷ್ ಸಾಲಿನ ಅಕ್ಷರಗಳು. ವರ್ಡ್ ಅದನ್ನು ಇಂಗ್ಲಿಷ್ ಎಂದೇ ನಂಬಿ 212 ಪುಟವನ್ನೂ ನಿಘಂಟಿನಲ್ಲಿ ಹುಡುಕುತ್ತದೆ. ಒಂದು ಪದವೂ ಸಿಗುವುದಿಲ್ಲ. ಕೊನೆಗೆ 'ಕಾಗುಣಿತದ ತಪ್ಪುಗಳು ಬಹಳ ಉಂಟು, ಇನ್ನು ತೋರಿಸಲಾಗದು' ಎಂಬ ಅರ್ಥದ ಒಂದು ಪೆಟ್ಟಿಗೆ ಎದ್ದು ಬರುತ್ತದೆ. ನಲವತ್ತು ವರ್ಷ ಕನ್ನಡ ಪಾಠ ಮಾಡಿದವರಿಗೆ ಈ ಮಾತು! ದೊಡ್ಡಪ್ಪ ಪ್ರತಿ ಸಲ ಆ ಪೆಟ್ಟಿಗೆಗೆ ಬೈದು ಓಕೆ ಒತ್ತುತ್ತಿದ್ದರಂತೆ.

ಫೈಲ್, ಆಪ್ಶನ್ಸ್, ಪ್ರೂಫಿಂಗ್‌ಗೆ ಹೋಗಿ, ಟೈಪ್ ಮಾಡುವಾಗಲೇ ಕಾಗುಣಿತ ನೋಡುವ ಟಿಕ್ ತೆಗೆದೆ. ವ್ಯಾಕರಣದ್ದನ್ನೂ ತೆಗೆದೆ. ಟೈಪಿಂಗ್ ಕೂಡಲೇ ಹಗುರವಾಯಿತು. ಹಳೇ ನುಡಿ ಫಾಂಟಿನಲ್ಲಿ ಬರೆಯುವವರು ಬೇರೆ ಯಾವುದನ್ನು ಬಿಟ್ಟರೂ ಇದನ್ನು ಮಾತ್ರ ಬಿಡಬೇಡಿ.

ಇನ್ನೊಂದು ಕಳ್ಳ ಪ್ರಿಂಟರು. ಅದು ಕೆಟ್ಟು ಅಟ್ಟ ಸೇರಿ ಎರಡು ವರ್ಷ. ಆದರೆ ಸೆಟ್ಟಿಂಗಿನಲ್ಲಿ ಇನ್ನೂ ಡೀಫಾಲ್ಟ್ ಅದೇ. ವರ್ಡ್ ಪುಟದ ಅಳತೆ ಹಾಕಲು ಡೀಫಾಲ್ಟ್ ಪ್ರಿಂಟರನ್ನು ವಿಚಾರಿಸುತ್ತದೆ. ಸತ್ತವರನ್ನು ಕರೆದು ಉತ್ತರಕ್ಕೆ ಕಾಯುತ್ತಾ ಕೂತ ಹಾಗೆ. ವಿಂಡೋಸ್ 10ರ ಜೊತೆಗೇ ಬರುವ 'ಪ್ರಿಂಟ್ ಟು ಪಿಡಿಎಫ್' ಅನ್ನು ಡೀಫಾಲ್ಟ್ ಮಾಡಿದೆ. ಈಗ 1 ನಿಮಿಷ 20.

ಮತ್ತೆ ಫೋಟೊಗಳು. ವರ್ಡಿನ ಡಾಕ್ಸ್ (.docx) ಫೈಲು ಅಂದರೆ ಹಲವು ಫೈಲುಗಳನ್ನು ಒಟ್ಟು ಕಟ್ಟಿದ ಒಂದು ಜಿಪ್ ಪೊಟ್ಟಣ. ಅದರ ನಕಲು ಮಾಡಿ, ಹೆಸರಿನ ಬಾಲವನ್ನು ಜಿಪ್ ಎಂದು ಬದಲಿಸಿ ಬಿಚ್ಚಿದರೆ ಒಳಗೆ 'ಮೀಡಿಯಾ' ಎಂಬ ಫೋಲ್ಡರಿನಲ್ಲಿ ಎಲ್ಲ ಚಿತ್ರ ಕಾಣುತ್ತವೆ. ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ ಕೂರಿಸಿದ ಒಂದು ಹ್ಯಾಂಡ್‌ಬಿಲ್ ಚಿತ್ರದ ತೂಕ 4 ಎಂಬಿ! ಚಿತ್ರದ ಮೂಲೆ ಹಿಡಿದು ಎಳೆದು ಸಣ್ಣ ಮಾಡಿದರೆ ಕಾಣುವುದು ಸಣ್ಣ, ತೂಕ ಹಾಗೇ ಉಳಿಯುತ್ತದೆ. ಮೊದಲು ಅಸಲಿ ಫೋಟೊಗಳನ್ನೆಲ್ಲ ಬೇರೆ ಫೋಲ್ಡರಿಗೆ ತೆಗೆದಿಟ್ಟೆ, ಪ್ರೆಸ್ಸಿನವರಿಗೆ ಅದೇ ಬೇಕಾಗುತ್ತದೆ. ಆಮೇಲೆ ಕಂಪ್ರೆಸ್ ಪಿಕ್ಚರ್ಸ್‌ನಲ್ಲಿ 150 ಪಿಪಿಐ (ಇಂಚಿಗೆ 150 ಚುಕ್ಕಿ) ಆರಿಸಿ, ಕತ್ತರಿಸಿದ ಭಾಗಗಳನ್ನೂ ಅಳಿಸಲು ಹೇಳಿದೆ. 64 ಎಂಬಿ ಇದ್ದದ್ದು 9ಕ್ಕೆ ಇಳಿಯಿತು. ತೆರೆಯಲು 25 ಸೆಕೆಂಡು.

ಒಂದು ರೂಪಾಯಿ ಖರ್ಚಿಲ್ಲದೆ ಇಷ್ಟು ಆಯಿತು. ಆದರೂ ಹೋಲಿಕೆ ಮಾಡಲು ಹೊರಟವನು ನಾನು, ಉಳಿದವನ್ನೂ ನೋಡಬೇಡವೇ?

ಲಿಬ್ರೆಆಫೀಸ್ ಹಾಕಿದೆ, ವರ್ಡಿನ ಕೆಲಸವನ್ನೇ ಮಾಡುವ ತಂತ್ರಾಂಶ. ಪುಕ್ಕಟೆ, ಮತ್ತು ಅದರ ಬಗ್ಗೆ ನನಗೆ ಮೊದಲಿಂದಲೂ ಪ್ರೀತಿ, ಅದನ್ನೂ ಹೇಳಿಬಿಡುತ್ತೇನೆ. ಹಳೇ 64 ಎಂಬಿ ಫೈಲನ್ನೇ ಕೊಟ್ಟಾಗ ಮೊದಲ ಸಲ 2 ನಿಮಿಷ 10 ತೆಗೆದುಕೊಂಡಿತು. ಮುಚ್ಚಿ ಕೂಡಲೇ ಮತ್ತೆ ತೆರೆದರೆ 55 ಸೆಕೆಂಡು, ಯಾಕೆಂದರೆ ಬೇಕಾದ್ದರಲ್ಲಿ ಅರ್ಧ ಆಗಲೇ ಮೆಮೊರಿಯಲ್ಲಿತ್ತು. ಸಣ್ಣ ಮಾಡಿದ ಫೈಲಿಗೆ 40 ಸೆಕೆಂಡು. ಟೂಲ್ಸ್, ಆಪ್ಶನ್ಸ್, ಅಡ್ವಾನ್ಸ್‌ಡ್‌ನಲ್ಲಿ ಜಾವಾ ಬಳಸುವ ಟಿಕ್ ತೆಗೆದರೆ ಏಳುವುದು ಸ್ವಲ್ಪ ಚುರುಕಾಗುತ್ತದೆ. ಬರೀ ಬರವಣಿಗೆಗೆ ಜಾವಾ ಬೇಕಾಗಿಲ್ಲ.

ಒಮ್ಮೆ ಎದ್ದ ಮೇಲೆ ಟೈಪಿಂಗ್ ಚೆನ್ನಾಗಿಯೇ ಇತ್ತು. ಕನ್ನಡ ಯುನಿಕೋಡಿಗೆ ಅಲ್ಲಿ ಫಾಂಟನ್ನು ಬೇರೆಯಾಗಿ ಹೇಳಬೇಕು. ಲ್ಯಾಂಗ್ವೇಜ್ ಸೆಟ್ಟಿಂಗಿನಲ್ಲಿ 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಎನ್ನುವಲ್ಲಿ ಕನ್ನಡ ಆರಿಸಿ. ಇಲ್ಲದಿದ್ದರೆ ಇಂಗ್ಲಿಷ್ ಫಾಂಟಿನ ಗಾತ್ರ ಬದಲಿಸಿ 'ಕನ್ನಡ ಯಾಕೆ ದೊಡ್ಡ ಆಗ್ತಿಲ್ಲ' ಎಂದು ತಲೆ ಕೆರೆದುಕೊಳ್ಳುತ್ತೀರಿ. ನಾನು ಕೆರೆದುಕೊಂಡಿದ್ದೇನೆ. ಆದರೆ ವರ್ಡಿನ 212 ಪುಟ ಇಲ್ಲಿ 219 ಆಯಿತು. ಚಿತ್ರಗಳು ಪಕ್ಕದ ಪ್ಯಾರಾಕ್ಕೆ ಜಾರಿದವು. ದೊಡ್ಡಪ್ಪ ಕೈಯಲ್ಲೇ ಬರೆದಿಟ್ಟ ಪರಿವಿಡಿ ಎಲ್ಲ ತಪ್ಪಿತು. ಹೊಸದಾಗಿ ಬರೆಯಲು ಶುರು ಮಾಡುವವರಿಗೆ ಲಿಬ್ರೆಆಫೀಸ್ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ಅರ್ಧ ದಾರಿ ಬಂದವರನ್ನು ದೋಣಿ ಬದಲಿಸಿ ಎನ್ನಲಾರೆ.

ಬ್ರೌಸರಿನಲ್ಲೇ ಬರೆಯುವ ಗೂಗಲ್ ಡಾಕ್ಸ್ ಮೊದಲ ಸುತ್ತಿನಲ್ಲೇ ಹೊರಗೆ. 50 ಎಂಬಿಗಿಂತ ದೊಡ್ಡ ಫೈಲನ್ನು ಅದು ತನ್ನ ರೂಪಕ್ಕೆ ಬದಲಿಸುವುದಿಲ್ಲ. 9 ಎಂಬಿಯದ್ದನ್ನು ತೆಗೆದುಕೊಂಡಿತು, ಆದರೆ ಅಲ್ಲಿ ನುಡಿ ಫಾಂಟ್ ಇಲ್ಲವಲ್ಲ! ಪುಟದ ತುಂಬ ಟೊಪ್ಪಿ, ಕೊಂಬು ಇಟ್ಟ ಇಂಗ್ಲಿಷ್ ಅಕ್ಷರ. ದೊಡ್ಡಪ್ಪ ಒಂದು ಕ್ಷಣ ಬಿಳುಚಿಕೊಂಡರು, ಬರೆದದ್ದೆಲ್ಲ ಹೋಯಿತು ಎಂದು. ಅದೂ ಅಲ್ಲದೆ 2 ಜಿಬಿಯಲ್ಲಿ ಬ್ರೌಸರ್ ಒಂದೇ ಅಷ್ಟೂ ಮೆಮೊರಿ ತಿನ್ನುತ್ತದೆ. ಒಂದು ಒಳ್ಳೆಯದು ಕಂಡಿತು: ಕ್ರೋಮಿನಲ್ಲಿ ಕನ್ನಡ ಹೇಳಿ ಬರೆಸಬಹುದು. ದೊಡ್ಡಪ್ಪ ಮೈಕಿನ ಎದುರು ಕೂತು ತಾಳಮದ್ದಳೆಯ ಅರ್ಥ ಹೇಳಿದ ಹಾಗೆ ಹೇಳತೊಡಗಿದರು. ಪುಸ್ತಕದ ಕನ್ನಡ ನಿಧಾನ ಹೇಳಿದ್ದು ಸರಿಯಾಗಿ ಬಂತು. ನಡುವೆ ಒಳಗಿಂದ ದೊಡ್ಡಮ್ಮ "ಚಾ ಆಯ್ತು, ತಣಿತದೆ" ಎಂದದ್ದೂ ಅರ್ಥಗಾರಿಕೆಯಲ್ಲಿ ಸೇರಿತು.

ವಿಂಡೋಸ್ 10ರ ಜೊತೆಗೇ ಬಂದ ವರ್ಡ್‌ಪ್ಯಾಡ್ ಬಗ್ಗೆ ಎರಡೇ ಮಾತು. ಕಣ್ಣು ಮಿಟುಕಿಸುವುದರೊಳಗೆ ತೆರೆಯುತ್ತದೆ. ಹೊಸ ಅಧ್ಯಾಯ ಟೈಪ್ ಮಾಡಲು ಸಾಕು, ಆದರೆ ಅಡಿಟಿಪ್ಪಣಿ ಇರುವ ಫೈಲನ್ನು ಅದರಲ್ಲಿ ಸೇವ್ ಮಾಡಬೇಡಿ. ವಿಂಡೋಸ್ 11ರ 2024ರ ಅಪ್‌ಡೇಟಿನಿಂದ ಅದನ್ನು ತೆಗೆದೇ ಹಾಕಿದ್ದಾರೆ.

ಎರಡನೇ ಶನಿವಾರ, ಕಂಪ್ಯೂಟರಿನ ಯಾವ ಭಾಗಕ್ಕೆ ಎಷ್ಟು ಕೆಲಸ ಎಂದು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಕೂತೆ. ಯಾವ ತಂತ್ರಾಂಶ ತೆರೆದರೂ ಡಿಸ್ಕ್ ಶೇಕಡಾ 100ರಲ್ಲಿ ಅಂಟಿಕೊಂಡಿರುತ್ತದೆ, ಪ್ರೊಸೆಸರ್ ಸುಮ್ನೆ ಕೂತಿರುತ್ತದೆ. ರ್‍ಯಾಮ್ ತುಂಬಿದಾಗ ವಿಂಡೋಸ್ ಉಳಿದದ್ದನ್ನು ಡಿಸ್ಕಿಗೆ ಬರೆದು ಮತ್ತೆ ಓದುತ್ತಾ ಇರುತ್ತದೆ. ತಿರುಗುವ ಹಳೇ ಡಿಸ್ಕಿಗೆ ಅದು ಆಗದ ಕೆಲಸ. ಅಂದರೆ ನಾನು ಇಷ್ಟು ದಿನ ಹೋಲಿಸುತ್ತಿದ್ದದ್ದು ತಂತ್ರಾಂಶಗಳನ್ನಲ್ಲ, ಒಂದೇ ಡಿಸ್ಕಿನ ಸುಸ್ತನ್ನು ಮೂರು ಸಲ ಅಳೆದದ್ದು ಅಷ್ಟೇ.

ತಂದದ್ದು ಎರಡು: ತಿರುಗುವ ಭಾಗವಿಲ್ಲದ ಡಿಸ್ಕ್, ಅಂದರೆ 240 ಜಿಬಿಯ ಎಸ್‌ಎಸ್‌ಡಿ, 1,800 ರೂಪಾಯಿಗೆ, ಸೆಕೆಂಡ್ ಹ್ಯಾಂಡ್ 4 ಜಿಬಿ ಡಿಡಿಆರ್3 ರ್‍ಯಾಮ್ 600ಕ್ಕೆ. ಕವರ್ ಬಿಚ್ಚಿದರೆ ಫ್ಯಾನಿನಲ್ಲಿ ಧೂಳು ಕಂಬಳಿಯ ಹಾಗೆ ಹೆಪ್ಪುಗಟ್ಟಿತ್ತು. ನಮ್ಮ ಕಡಲ ಗಾಳಿಗೆ, ಮಳೆಗಾಲದ ಪಸೆಗೆ ರ್‍ಯಾಮಿನ ಚಿನ್ನದ ಹಲ್ಲುಗಳು ಮಂಕಾಗುತ್ತವೆ. ಪೆನ್ಸಿಲ್ ರಬ್ಬರಿನಲ್ಲಿ ಮೆಲ್ಲ ಉಜ್ಜಿ, ಪುಡಿ ಊದಿ, ಮತ್ತೆ ಕೂರಿಸಿದೆ. ಹಳೇ ಡಿಸ್ಕಿನಲ್ಲಿ ಇದ್ದದ್ದನ್ನೆಲ್ಲ ಹೊಸದಕ್ಕೆ ನಕಲು ಮಾಡಿ, ಹಳೆಯದನ್ನು ಬ್ಯಾಕಪ್ ಎಂದು ಕಪಾಟಿನಲ್ಲಿಟ್ಟೆ.

ಈಗ ವರ್ಡ್ 6 ಸೆಕೆಂಡು. ಲಿಬ್ರೆಆಫೀಸ್ 9. ಮೂರು ಸೆಕೆಂಡಿಗೆ ಜಗಳ ಬೇಡ, ಅಲ್ವಾ?

ದೊಡ್ಡಪ್ಪ ವರ್ಡಿನಲ್ಲೇ ಉಳಿದರು. ಅಧ್ಯಾಯಕ್ಕೊಂದು ಫೈಲು ಮಾಡಿಕೊಟ್ಟೆ. ನುಡಿಯ ಪರಿವರ್ತಕದಲ್ಲಿ ಹಳೇ ಪಠ್ಯವನ್ನು ಒಂದೊಂದೇ ಯುನಿಕೋಡಿಗೆ ತರುತ್ತಿದ್ದೇನೆ, ಅವರು ಅರ್ಕಾವತ್ತು, ಒತ್ತಕ್ಷರ ತಪ್ಪಿದಲ್ಲಿ ತಿದ್ದುತ್ತಾರೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಈ ಯಂತ್ರಕ್ಕೆ 11 ಹತ್ತುವುದಿಲ್ಲ. ಹಾಗಾಗಿ ಪೆನ್‌ಡ್ರೈವಿನಲ್ಲಿ ವಿಂಡೋಸಿನ ಬದಲಿಗೆ ಬಳಸಬಹುದಾದ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ ತೋರಿಸಿದೆ. ದೊಡ್ಡಪ್ಪ ಕೇಳಿದ್ದು ಒಂದೇ ಪ್ರಶ್ನೆ: "ನನ್ನ ಕೀಲಿಮಣೆ ಬರ್ತದಾ?" ಬರ್ತದೆ. ಅದರಲ್ಲಿ ಕಗಪ (ಕನ್ನಡ ಗಣಕ ಪರಿಷತ್ತು) ಕೀಲಿಮಣೆಯ ವಿನ್ಯಾಸ ಉಂಟು. ಅದರ ಬೇರು ಕಿನ್ನಿಕಂಬಳದ ಕೆ.ಪಿ. ರಾಯರು ಮಾಡಿದ ವಿನ್ಯಾಸದಲ್ಲಿ ಎಂದು ಹೇಳಿದ್ದೇ ತಡ, ಕುರ್ಚಿ ಮುಂದೆ ಎಳೆದುಕೊಂಡು 'ಭಾಗವತರು' ಎಂದು ಹೊಡೆದರು.