ಲ್ಯಾಂಗಾಲೆನ್ ಕಾಲುವೆಯಲ್ಲಿ ದೋಣಿ ರಜೆ: ಮಕ್ಕಳಿರುವವರು ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಯುಕೆಯಲ್ಲಿರುವ ಕನ್ನಡದವರೇ, ಚಿಕ್ಕ ಮಕ್ಕಳನ್ನು ಕರ್ಕೊಂಡು ನ್ಯಾರೋಬೋಟ್ (ಕಾಲುವೆಯಲ್ಲಿ ನಾವೇ ಓಡಿಸಿಕೊಂಡು, ಒಳಗೇ ಉಳ್ಕೊಳ್ಳುವ ಉದ್ದನೆಯ ಕಿರಿದಾದ ದೋಣಿ) ರಜೆಗೆ ಹೋಗುವ ಯೋಚನೆ ಇದ್ದರೆ ಸ್ವಲ್ಪ ತಡೀರಿ. ಊರಿಗೆ ವಾಪಸ್ ಬಂದರೂ ನನ್ನ ಸಿಟ್ಟು ಇಳಿದಿಲ್ಲ. ಕಾಲುವೆ ಚೆನ್ನಾಗಿದೆ, ದೋಣಿಯೂ ಪರವಾಗಿಲ್ಲ. ಮೋಸ ಮಾಡಿದ್ದು "ಮಕ್ಕಳಿಗೆ ಒಂದು ನಿಮಿಷವೂ ಬೇಜಾರಾಗಲ್ಲ" ಅಂತ ಹೇಳಿ ಮಾರಿದವರು.

ಬೆಂಗಳೂರಿನಿಂದ ಅಕ್ಕ, ಭಾವ, ಅವರ ಮಕ್ಕಳು ಬಂದಿದ್ದರು. ಮೇ ಕೊನೆಯ ಹಾಫ್ ಟರ್ಮ್, ಅಂದರೆ ಸ್ಕೂಲಿನ ಒಂದು ವಾರದ ರಜೆ. ಆಗ ಇಲ್ಲಿ ಎಲ್ಲದರ ರೇಟು ಹೇಗಿರುತ್ತೆ ಅಂತ ನಿಮಗೆ ಗೊತ್ತೇ ಇದೆ. ಬುಕ್ ಮಾಡುವ ಮುಂಚೆ ನಾನು ಫೋನ್ ಮಾಡಿ ಬಿಡಿಸಿ ಬಿಡಿಸಿ ಕೇಳಿದ್ದೆ: ನಾಲ್ಕು ಮಕ್ಕಳು, ಎಲ್ಲರೂ ಹತ್ತು ವರ್ಷದ ಒಳಗಿನವರು, ದಿನವಿಡೀ ದೋಣಿಯಲ್ಲಿ ಏನು ಮಾಡ್ತಾರೆ? ಆ ಕಡೆಯಿಂದ ಒಂದೇ ಉಸಿರಿಗೆ ಉತ್ತರ ಬಂತು. ಲಾಕ್‌ಗಳಿವೆ (ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಗೇಟಿನ ಕಟ್ಟೆಗಳು), ಗೇಟು ತಳ್ಳುವುದು, ನೀರು ಏರುವುದನ್ನು ನೋಡುವುದು, ಮಕ್ಕಳಿಗೆ ಅದೇ ದೊಡ್ಡ ಆಟ. ಪಾಂಟ್‌ಕಸಿಲ್ಟೆ ಮೇಲ್ಗಾಲುವೆಗೆ, ಅಂದರೆ ಕಾಲುವೆಯನ್ನೇ ಹೊತ್ತು ನಿಂತ ಸೇತುವೆಗೆ, ಆರಾಮಾಗಿ ಹೋಗಿ ಬರಬಹುದು. 45 ಪೌಂಡ್ ಜಾಸ್ತಿ ಕೊಟ್ಟರೆ ಮಕ್ಕಳ ಪ್ಯಾಕ್: ಅಳತೆಗೆ ತಕ್ಕ ಲೈಫ್ ಜಾಕೆಟ್, ಗಾಳ, ಆಟದ ಸಾಮಾನು. ಕೊಟ್ಟೆ.

ಪಾಂಟ್‌ಕಸಿಲ್ಟೆ ಅಂದರೆ ಸುಮ್ನೆ ಒಂದು ಸೇತುವೆ ಅಲ್ಲ. ಟೆಲ್ಫರ್ಡ್ ಮತ್ತು ಜೆಸಪ್ ಅನ್ನುವ ಇಂಜಿನಿಯರ್‌ಗಳು ಕಟ್ಟಿಸಿದ್ದು, 1805ರಲ್ಲಿ ಶುರುವಾಯಿತು. ಡೀ ನದಿಯ ಮೇಲೆ 38 ಮೀಟರ್ ಎತ್ತರದಲ್ಲಿ, ಕಬ್ಬಿಣದ ತೊಟ್ಟಿಯೊಳಗೆ ದೋಣಿ ಹೋಗುತ್ತದೆ. ಒಂದು ಪಕ್ಕದಲ್ಲಿ ನಡೆಯುವ ದಾರಿ, ಅದಕ್ಕೆ ಕಂಬಿ. ಇನ್ನೊಂದು ಪಕ್ಕದಲ್ಲಿ ತೊಟ್ಟಿಯ ಅಂಚು ಬಿಟ್ಟರೆ ಏನೂ ಇಲ್ಲ, ಬಗ್ಗಿದರೆ ನೇರ ಕಣಿವೆ. ಅಕ್ಕನ ಮಗ ಬೆಂಗಳೂರಿನಲ್ಲೇ ವಿಡಿಯೋ ನೋಡಿ ಅದಕ್ಕೆ "ಆಕಾಶದ ದೋಣಿ" ಅಂತ ಹೆಸರಿಟ್ಟು, ಸ್ಕೂಲಿನಲ್ಲೆಲ್ಲ ಹೇಳ್ಕೊಂಡು ಬಂದಿದ್ದ.

ದೋಣಿ ಕೈಗೆ ಕೊಡುವಾಗ ಇಂಜಿನ್ ತೋರಿಸುತ್ತಿದ್ದ ಹುಡುಗನನ್ನು ನಮ್ಮ ಯಜಮಾನರು ಕೇಳಿದರು, ನಾಳೆ ಎಷ್ಟು ಹೊತ್ತಿಗೆ ಪಾಂಟ್‌ಕಸಿಲ್ಟೆ ತಲುಪಬಹುದು ಅಂತ. ಅವನು ನಕ್ಕುಬಿಟ್ಟ. "ನಿಮ್ಮದು ಶಾರ್ಟ್ ಬ್ರೇಕ್ ಅಲ್ವಾ? ಅಲ್ಲಿಗೆ ಹೋಗಿ ಬರಲು ಒಂದು ವಾರ ತಗೊಳ್ತಾರೆ." ಮಕ್ಕಳ ಎದುರಿಗೇ ಹೇಳಿದ. "ಚಿಕ್ಕಿ, ಆಕಾಶದ ದೋಣಿ ಇಲ್ವಾ?" ಅಂತ ಅಕ್ಕನ ಮಗ ನನ್ನನ್ನು ಕೇಳಿದ. ಅಕ್ಕ ಏನೂ ಅನ್ನಲಿಲ್ಲ, ನನ್ನ ಮುಖ ನೋಡಿದಳು ಅಷ್ಟೇ. ಅಷ್ಟು ದೂರದಿಂದ ಬಂದವರ ಮುಂದೆ ನನಗಾದ ಅವಮಾನ ಇದೆಯಲ್ಲ, ಅದನ್ನು ಯಾವ ರೀಫಂಡೂ ತುಂಬಿಕೊಡಲ್ಲ.

ಲೆಕ್ಕ ಇಷ್ಟೇ. ವೇಗದ ಮಿತಿ ಗಂಟೆಗೆ 4 ಮೈಲಿ. ದಡಕ್ಕೆ ಕಟ್ಟಿದ ದೋಣಿಗಳ ಪಕ್ಕ ಹಾಯುವಾಗ ಅದನ್ನೂ ಇಳಿಸಬೇಕು, ಕತ್ತಲಾದ ಮೇಲೆ ಬಾಡಿಗೆ ದೋಣಿ ಓಡಿಸುವಂತಿಲ್ಲ. ಇದರ ಮೇಲೆ ಈ ಕಾಲುವೆಯಲ್ಲಿ ಹರಿವು ಬೇರೆ ಇದೆ. ಹಾರ್ಸ್‌ಶೂ ಫಾಲ್ಸ್‌ನಲ್ಲಿ ಡೀ ನದಿಯ ನೀರು ಇದಕ್ಕೆ ಬಿದ್ದು ಹರ್ಲ್‌ಸ್ಟನ್ ಜಲಾಶಯದವರೆಗೆ ಹರಿಯುತ್ತದೆ. ಪಾಂಟ್‌ಕಸಿಲ್ಟೆ ಇರುವುದು ಲ್ಯಾಂಗಾಲೆನ್ ಕಡೆಗೇ, ಅಂದರೆ ಅಲ್ಲಿಗೆ ಹೋಗುವವರು ನೀರಿಗೆ ಎದುರಾಗಿ ಹೋಗುತ್ತಾರೆ. ದಿನಾ ದೋಣಿ ಬಾಡಿಗೆ ಕೊಡುವವರಿಗೆ ಇದು ಗೊತ್ತಿರಲ್ವಾ? ಫೋನಿನಲ್ಲಿ ಹೇಳಲು ಅರ್ಧ ನಿಮಿಷ ಸಾಕಿತ್ತು.

ಇನ್ನು ಲಾಕ್. ನಾವು ಹೊರಟಿದ್ದು ಗ್ರಿಂಡ್ಲಿ ಬ್ರೂಕ್ ಲಾಕ್‌ಗಳನ್ನು ದಾಟಿದ ಮೇಲಿನ ಜಾಗದಿಂದ. ಅಲ್ಲಿಂದ ಲ್ಯಾಂಗಾಲೆನ್ ಕಡೆಗೆ ನ್ಯೂ ಮಾರ್ಟನ್ ಲಾಕ್‌ಗಳ ತನಕ, ಸುಮಾರು 20 ಮೈಲಿ, ಒಂದೇ ಒಂದು ಲಾಕ್ ಇಲ್ಲ. ಒಂದೂ ಇಲ್ಲ! ಮಕ್ಕಳು ಲಾಕ್ ತಿರುಗಿಸುವ ವಿಂಡ್‌ಲಾಸ್ ಹಿಡ್ಕೊಂಡು ಮುಂದೆ ಕೂತು ಲಾಕ್ ಎಲ್ಲಿ, ಲಾಕ್ ಎಲ್ಲಿ ಅಂತ ಕೇಳಿದ್ದೇ ಕೇಳಿದ್ದು. ಕಂಪನಿಗೆ ಫೋನ್ ಮಾಡಿದರೆ ಬಂದ ಉತ್ತರ: "ಈ ಕಾಲುವೆಯಲ್ಲಿ ಲಾಕ್‌ಗಳಿವೆ ಅಂದಿದ್ದೆವು, ನಿಮ್ಮ ದಾರಿಯಲ್ಲಿ ಇವೆ ಅಂತ ಹೇಳಿರಲಿಲ್ಲ." ಎಂಥ ಮಾತು ನೋಡಿ.

ಮಕ್ಕಳ ಪ್ಯಾಕ್ ಅಂದರೆ ಒಂದು ನೀಲಿ ಪ್ಲಾಸ್ಟಿಕ್ ಡಬ್ಬ. ಒಣಗಿದ ಸ್ಕೆಚ್ ಪೆನ್, ಅರ್ಧ ಚೂರುಗಳೇ ಇಲ್ಲದ ಜಿಗ್‌ಸಾ, ದಾರ ಇಲ್ಲದ ಗಾಳ. ಹದಿಮೂರರ ಒಳಗಿನ ಮಕ್ಕಳಿಗೆ ಮೀನು ಹಿಡಿಯಲು ರಾಡ್ ಲೈಸೆನ್ಸ್ ಬೇಡ, ನಿಜ. ಆದರೆ ಆ ಜಾಗದ ಕ್ಲಬ್ಬಿನ ಪರ್ಮಿಟ್ ಬೇಕಂತೆ, ಅದನ್ನು "ನೀವೇ ನೋಡ್ಕೋಬೇಕು".

ಇದನ್ನೆಲ್ಲ ಬಿಟ್ಟುಬಿಡಬಹುದಿತ್ತು. ಲೈಫ್ ಜಾಕೆಟ್ ವಿಷಯ ಮಾತ್ರ ಬಿಡಲ್ಲ. ನಾಲ್ಕರಲ್ಲಿ ಎರಡು ದೊಡ್ಡವರ ಅಳತೆಯವು. ಚಿಕ್ಕದೊಂದಕ್ಕೆ ಕಾಲುಗಳ ನಡುವೆ ಹಾಕುವ ಪಟ್ಟಿಯ ಬಕಲ್ ಮುರಿದಿತ್ತು. ನನ್ನ ಐದು ವರ್ಷದ ಮಗಳು ಅದನ್ನು ಹಾಕ್ಕೊಂಡು ಕೈ ಎತ್ತಿದರೆ ಜಾಕೆಟ್ ಕಿವಿಯವರೆಗೆ ಜಾರುತ್ತಿತ್ತು, ಮುಖವೇ ಕಾಣುತ್ತಿರಲಿಲ್ಲ. ಬೇರೆ ಕೊಡಿ ಅಂದರೆ, "ಹಾಫ್ ಟರ್ಮ್, ಎಲ್ಲ ಹೊರಗೆ ಹೋಗಿವೆ. ಚಿಂತೆ ಬೇಡ, ಕಾಲುವೆ ಆಳ ಇಲ್ಲ, ಸೊಂಟದ ತನಕ ಅಷ್ಟೇ." ಯಾರ ಸೊಂಟ? ಐದು ವರ್ಷದ ಮಗುವಿನದಾ? ಕೊನೆಗೆ ಅವಳು ಮುಕ್ಕಾಲು ರಜೆಯನ್ನು ಒಳಗೇ ಕಳೆದಳು, ಕಿಟಕಿ ಪಕ್ಕ. ದೋಣಿಯ ಅಗಲವೇ ಎರಡು ಮೀಟರ್ ಚಿಲ್ಲರೆ. ಮಳೆ ಬಂದಾಗ ನಾಲ್ಕೂ ಮಕ್ಕಳು ಅಲ್ಲಿ ಕಿತ್ತಾಡುವುದನ್ನು ಬಿಡಿಸುವುದೇ ನಮ್ಮ ರಜೆ ಆಯಿತು.

ಮಕ್ಕಳನ್ನು ಸುಮಾರಾಗಿ ಸಮಾಧಾನಪಡಿಸಿದ್ದು ಅಕ್ಕ. ಕಾಲುವೆಯ ಪ್ರತಿ ಸೇತುವೆಗೂ ಒಂದು ನಂಬರ್ ಬೋರ್ಡ್ ಇರುತ್ತದೆ, ಮೊದಲು ಓದಿದವರಿಗೆ ಒಂದು ಚಕ್ಕುಲಿ. ಅದಕ್ಕೆ ಯಾವ ಪ್ಯಾಕೂ ಬೇಕಾಗಲಿಲ್ಲ.

ಹೋಗಲೇಬೇಕು ಅನ್ನುವವರು ಹೊರಡುವ ಜಾಗದಿಂದ ಎಷ್ಟು ಗಂಟೆಗೆ ಎಲ್ಲಿಗೆ, ದಾರಿಯಲ್ಲಿ ಎಷ್ಟು ಲಾಕ್ ಅಂತ ಇಮೇಲ್‌ನಲ್ಲೇ ಬರೆಸ್ಕೊಳ್ಳಿ. ಮಕ್ಕಳ ತೂಕ ಹೇಳಿ ಜಾಕೆಟ್ ಮೊದಲೇ ಖಚಿತ ಮಾಡ್ಕೊಳ್ಳಿ, ಆಗದಿದ್ದರೆ ಸ್ವಂತದ್ದು ಒಯ್ಯಿರಿ. ಮಕ್ಕಳಿಗೆ ಪಾಂಟ್‌ಕಸಿಲ್ಟೆ ಮಾತ್ರ ತೋರಿಸಬೇಕಿದ್ದರೆ ಅದರ ಪಕ್ಕದ ಟ್ರೆವರ್ ಅನ್ನುವ ಹಳ್ಳಿಗೆ ಕಾರಿನಲ್ಲಿ ಹೋಗಿ. ನಡೆದು ದಾಟುವುದು ಪುಕ್ಕಟೆ, ದಾಟಿಸುವ ಸಣ್ಣ ದೋಣಿಗಳೂ ಅಲ್ಲೇ ಸಿಗುತ್ತವೆ.

ಕಂಪನಿಯ ಕೊನೆಯ ಇಮೇಲ್‌ನಲ್ಲಿ, ಫೋನಿನಲ್ಲಿ ಹೇಳಿದ್ದು "ಸಾಮಾನ್ಯ ಮಾಹಿತಿ" ಮಾತ್ರ, ಒಪ್ಪಂದದ ಭಾಗ ಅಲ್ಲ ಅಂತ ಬರೆದಿದ್ದಾರೆ. 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಹಾಗೆ ಹೇಳಲ್ಲ. ಸೇವೆಯ ಬಗ್ಗೆ ಅವರು ಬಾಯಿಮಾತಿನಲ್ಲಿ ಹೇಳಿದ್ದನ್ನು ನಂಬಿ ನೀವು ತೀರ್ಮಾನ ಮಾಡಿದ್ದರೆ ಅದೂ ಒಪ್ಪಂದಕ್ಕೆ ಸೇರುತ್ತದೆ. ಬಾಡಿಗೆಯನ್ನು ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದೆ, 100 ಪೌಂಡಿಗಿಂತ ಜಾಸ್ತಿ ಇರುವುದರಿಂದ ಕಾರ್ಡ್ ಕೊಟ್ಟ ಬ್ಯಾಂಕನ್ನೂ ಹೊಣೆ ಮಾಡುವ ಗ್ರಾಹಕ ಸಾಲ ಕಾಯ್ದೆಯ ಸೆಕ್ಷನ್ 75ರ ಅಡಿ ಬ್ಯಾಂಕಿಗೆ ದೂರು ಹಾಕಿದ್ದೇನೆ, ಮುರಿದ ಬಕಲ್‌ನ ಫೋಟೋ ಸಮೇತ. ಬೇರೆ ಯಾರಿಗಾದರೂ ಹೀಗಾಗಿ ದುಡ್ಡು ವಾಪಸ್ ಬಂದಿದ್ದರೆ ದಯವಿಟ್ಟು ತಿಳಿಸಿ, ಬ್ಯಾಂಕಿನವರಿಗೆ ಏನೇನು ಕಾಗದ ಕೊಟ್ಟಿರಿ ಅನ್ನುವುದನ್ನೂ ಸೇರಿಸಿ.