ನಂದಿಯ ತಪ್ಪಲಿನ ಚಳಿಗಾಲದ ಸವಾರಿಗೆ ಬಾಡಿಗೆ ಸೈಕಲ್

ಡಿಸೆಂಬರ್ ಕೊನೆಯ ಭಾನುವಾರ, 1,478 ಮೀಟರ್ ಎತ್ತರದ ನಂದಿ ಬೆಟ್ಟದ ತಪ್ಪಲಿನ ಮಣ್ಣುದಾರಿಗಳಲ್ಲಿ ಸುತ್ತಾಡಲೆಂದು ನಾವು ಆರು ಮಂದಿ ಬೆಂಗಳೂರಿನ ಅಂಗಡಿಯೊಂದರಿಂದ ಮೌಂಟನ್ ಬೈಕ್‌ಗಳನ್ನು ಬಾಡಿಗೆಗೆ ಪಡೆದೆವು. ಪ್ರತಿಯೊಬ್ಬರ ಎತ್ತರ ಕೇಳಿ ಫ್ರೇಮ್ ಆರಿಸಿಕೊಟ್ಟದ್ದು, ಸಡಿಲ ಮಣ್ಣಿನಲ್ಲಿ ಹಿಡಿತ ಸಿಗಲೆಂದು ಟೈರಿನ ಗಾಳಿಯನ್ನು ತುಸು ಇಳಿಸಿಕೊಟ್ಟದ್ದು ಮೆಚ್ಚತಕ್ಕ ಸಂಗತಿ. ಆದರೆ ನಸುಕಿನಲ್ಲಿ ಅಲ್ಲಿ ಮಂಜು ಕವಿದಿರುತ್ತದೆಂಬುದು ಗೊತ್ತಿದ್ದೂ, ಕೊಟ್ಟ ಆರು ದೀಪಗಳಲ್ಲಿ ಎರಡಕ್ಕೆ ಚಾರ್ಜೇ ಇರಲಿಲ್ಲ. ದೀಪವಿಲ್ಲದವರನ್ನು ನಡುವೆ ಇರಿಸಿಕೊಂಡು, ದ್ರಾಕ್ಷಿ ತೋಟಗಳ ಬೇಲಿಯನ್ನೇ ಗುರುತಾಗಿಟ್ಟುಕೊಂಡು ಬೆಳಕು ಹರಿಯುವವರೆಗೆ ನಿಧಾನವಾಗಿ ಸಾಗಬೇಕಾಯಿತು. ಕೈಗವಸು ಮರೆತ ನನ್ನ ಬೆರಳುಗಳು ಬ್ರೇಕ್ ಹಿಡಿಯಲಾರದಷ್ಟು ಮರಗಟ್ಟಿದ್ದಕ್ಕೆ ಮಾತ್ರ ಅಂಗಡಿಯನ್ನು ದೂರುವಂತಿಲ್ಲ. ಗುಂಪಾಗಿ ಹೋಗುವವರು ಹಿಂದಿನ ಸಂಜೆಯೇ ಸೈಕಲ್‌ಗಳನ್ನು ತಂದು, ದೀಪ, ಬ್ರೇಕ್‌ಗಳನ್ನು ಪರೀಕ್ಷಿಸಿ, ಹೆಚ್ಚುವರಿ ಟ್ಯೂಬೊಂದನ್ನು ಕೇಳಿ ಪಡೆಯುವುದು ಒಳ್ಳೆಯದು.