ಎಸಿ ಸರ್ಕ್ಯೂಟ್ ಪಾಠಕ್ಕೆ ಮಲ್ಟಿಮೀಟರ್: ವರ್ಷಗಟ್ಟಲೆ ಬಳಸಿದ ಮೇಲೆ

ದಾವಣಗೆರೆಯ ವಿದ್ಯಾನಗರದಲ್ಲಿ ಸೆಕೆಂಡ್ ಪಿಯು ಮಕ್ಕಳಿಗೆ ಸಂಜೆ ಹೊತ್ತು ಫಿಸಿಕ್ಸ್ ಹೇಳಿಕೊಡುತ್ತೇನೆ. ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟಿನ ಪಾಠ ಶುರುವಾದರೆ ಸಾಕು, ತಂದೆ-ತಾಯಿ ಕೇಳುವುದು ಒಂದೇ ಮಾತು: ಯಾವ ಗೈಡ್ ತರಲಿ ಮೇಡಂ? ಪಠ್ಯಪುಸ್ತಕ ಇದೆ, ಹಳೇ ಪ್ರಶ್ನೆಪತ್ರಿಕೆ ಇವೆ. ಇನ್ನೊಂದು ಗೈಡ್ ತರುವ ದುಡ್ಡಿಗೆ ಸ್ವಲ್ಪ ಸೇರಿಸಿ ವೋಲ್ಟೇಜ್, ಕರೆಂಟ್, ಓಮ್ ಅಳೆಯುವ ಒಂದು ಡಿಜಿಟಲ್ ಮಲ್ಟಿಮೀಟರ್ ಕೊಡಿಸಿ ಅಂತ ಹೇಳುತ್ತೇನೆ. ಈ ಪಾಠದಲ್ಲಿ ಮಕ್ಕಳು ಅಂಕ ಕಳೆದುಕೊಳ್ಳುವುದು ಸೂತ್ರ ಮರೆತು ಅಲ್ಲ. ಸೂತ್ರ ಬಾಯಿಗೆ ಬಂದಿರುತ್ತದೆ, ಅದನ್ನು ನಂಬಿರುವುದಿಲ್ಲ.

ಮೊದಲು ಯಾವ ಮೀಟರ್ ಅಂತ ಹೇಳಿಬಿಡುತ್ತೇನೆ, ಎಡವುವುದು ಇಲ್ಲೇ ಜಾಸ್ತಿ. ಅತಿ ಅಗ್ಗದ ಸಣ್ಣ ಮೀಟರ್‌ಗಳಲ್ಲಿ ಎಸಿ ವೋಲ್ಟೇಜಿಗೆ ಸಾಮಾನ್ಯವಾಗಿ ಎರಡೇ ರೇಂಜ್ ಇರುತ್ತವೆ, 200 ಮತ್ತು 600 ಅಥವಾ 750. ಮನೆಯ ಪ್ಲಗ್ ಪಾಯಿಂಟ್‌ನಲ್ಲಿ ಕರೆಂಟ್ ಇದೆಯಾ ಅಂತ ನೋಡಲು ಅಷ್ಟು ಸಾಕು. ಆದರೆ ನಮ್ಮ ಪ್ರಯೋಗ ನಡೆಯುವುದು 12 ವೋಲ್ಟಿನಲ್ಲಿ. 200ರ ರೇಂಜ್‌ನಲ್ಲಿ ಅಂಥ ಮೀಟರ್ ಸುಮಾರು ಒಂದು ವೋಲ್ಟ್ ಆಚೀಚೆ ತೋರಿಸಿದರೂ ಅದು ಕೆಟ್ಟಿದೆ ಎನ್ನುವಂತಿಲ್ಲ, ಅದರ ಮಿತಿಯೇ ಅಷ್ಟು. ಎಸಿಗೆ 20 ವೋಲ್ಟ್ ರೇಂಜ್ ಇರಬೇಕು, ಇಲ್ಲವೇ ತಾನೇ ರೇಂಜ್ ಬದಲಿಸಿಕೊಳ್ಳುವ ಮೀಟರ್ ಆಗಬೇಕು. ಕೆಪಾಸಿಟರ್ ಅಳೆಯುವ ಸೌಲಭ್ಯ ಇದ್ದರೆ ಇನ್ನೂ ಒಳ್ಳೆಯದು. ಎಸಿ ಆಂಪಿಯರ್ ಇಲ್ಲದಿದ್ದರೂ ಚಿಂತೆ ಇಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ. ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ.

ಜೊತೆಗೆ ಬೇಕಾಗುವುದು 12 ವೋಲ್ಟ್, 1 ಆಂಪಿಯರಿನ ಒಂದು ಟ್ರಾನ್ಸ್‌ಫಾರ್ಮರ್, 1 ಕಿಲೋ ಓಮ್ ಮತ್ತು 100 ಓಮ್ ರೆಸಿಸ್ಟರ್, ಸೀಲಿಂಗ್ ಫ್ಯಾನಿಗೆ ಹಾಕುವ 2.5 ಮೈಕ್ರೋಫ್ಯಾರಡ್ ಕೆಪಾಸಿಟರ್ ನಾಲ್ಕೈದು. ಇಲೆಕ್ಟ್ರಿಕಲ್ ಅಂಗಡಿಯಲ್ಲಿ ಫ್ಯಾನ್ ಕಂಡೆನ್ಸರ್ ಅಂತ ಕೇಳಿ. ಎಸಿಗೆ ಇದೇ ಸರಿ. ಪ್ಲಸ್-ಮೈನಸ್ ಗುರುತಿನ ಇಲೆಕ್ಟ್ರೋಲಿಟಿಕ್ ಕೆಪಾಸಿಟರ್ ಬೇಡವೇ ಬೇಡ, ಎಸಿಯಲ್ಲಿ ಅದು ಬಿಸಿಯಾಗಿ ಒಡೆಯಬಹುದು. ಇಂಡಕ್ಟರಿಗೆ, ಅಂದರೆ ತಂತಿ ಸುರುಳಿಗೆ, ಹಳೇ ಟ್ಯೂಬ್‌ಲೈಟಿನ ಭಾರದ ಚೋಕ್ ಹುಡುಕಿ. ಎಲ್‌ಇಡಿ ಬಂದ ಮೇಲೆ ಎಷ್ಟೋ ಮನೆಯ ಅಟ್ಟದಲ್ಲಿ ಅದು ಸುಮ್ನೆ ಬಿದ್ದಿರುತ್ತದೆ. ಟ್ರಾನ್ಸ್‌ಫಾರ್ಮರಿನ 230 ವೋಲ್ಟ್ ಕಡೆಯ ತಂತಿಗಳನ್ನು ದೊಡ್ಡವರೇ ಡಬ್ಬಿಯೊಳಗೆ ಮುಚ್ಚಿ ಕೊಡಬೇಕು. ಮಕ್ಕಳ ಕೈ 12 ವೋಲ್ಟಿನ ಕಡೆ ಮಾತ್ರ. ಚನ್ನಗಿರಿ, ಜಗಳೂರು ಕಡೆಯ ಮಕ್ಕಳಿಗೆ ಇದನ್ನು ಮತ್ತೆ ಮತ್ತೆ ಹೇಳುತ್ತೇನೆ. ತೋಟದ ಬೋರ್‌ವೆಲ್ ಮೋಟರಿನ ಸ್ಟಾರ್ಟರ್ ಡಬ್ಬಿಯಲ್ಲೂ ಕಂಡೆನ್ಸರ್ ಇರುವುದು ಅವರಿಗೆ ಗೊತ್ತು. ಕುತೂಹಲಕ್ಕೆ ಅದಕ್ಕೆ ಕೈ ಹಾಕಬಾರದು.

ಈಗ ಪಾಠಕ್ಕೆ ಬರೋಣ. ಮೊದಲ ದಿನ ನಾನು ಮಾಡಿಸುವುದು ತೀರಾ ಸಣ್ಣ ಕೆಲಸ. 12 ವೋಲ್ಟ್ ಎಸಿಯನ್ನು ಮೀಟರಿನ ಡಿಸಿ (ಒಂದೇ ದಿಕ್ಕಿನ ಕರೆಂಟ್) ರೇಂಜ್‌ನಲ್ಲಿ ಅಳೆಯಿರಿ ಅನ್ನುತ್ತೇನೆ. ಸೊನ್ನೆ ಬರುತ್ತದೆ. ನಾಬ್ ಎಸಿಗೆ ತಿರುಗಿಸಿದರೆ 12, ಲೋಡ್ ಇಲ್ಲದಿದ್ದರೆ 13ರ ಮೇಲೂ ಬರುತ್ತದೆ. ಪೂರ್ತಿ ಒಂದು ಆವರ್ತದಲ್ಲಿ ಎಸಿಯ ಸರಾಸರಿ ಸೊನ್ನೆ ಎಂಬ ಒಂದು ಅಂಕದ ಉತ್ತರ ಕಣ್ಣೆದುರಿಗೇ ಸಿಕ್ಕಿತು. ಆಮೇಲೆ ಆರ್‌ಎಂಎಸ್ ಮಾತು, ಅಂದರೆ ಅಷ್ಟೇ ಶಾಖ ಕೊಡುವ ಡಿಸಿಯ ಬೆಲೆ. ಬೆಸ್ಕಾಂನಿಂದ ಬರುವ 230 ಆರ್‌ಎಂಎಸ್, ಅದರ ಗರಿಷ್ಠ ಬೆಲೆ ಸುಮಾರು 325. ಲೆಕ್ಕದಲ್ಲಿ 325 ಸೈನ್ 314t ಅಂತ ಕಂಡರೆ ಅದು ನಮ್ಮ ಮನೆಯ ಕರೆಂಟೇ, 314 ಅಂದರೆ 50 ಹರ್ಟ್ಸ್ ಅಂತ ತಕ್ಷಣ ಹೊಳೆಯಬೇಕು.

ನಿಜವಾದ ಲಾಭ ಎರಡನೇ ಪ್ರಯೋಗದಲ್ಲಿದೆ. 1 ಕಿಲೋ ಓಮ್ ಮತ್ತು ಒಂದು ಫ್ಯಾನ್ ಕೆಪಾಸಿಟರನ್ನು ಸರಣಿಯಲ್ಲಿ ಜೋಡಿಸಿ 12 ವೋಲ್ಟ್ ಕೊಡಿ. ರೆಸಿಸ್ಟರಿನ ಎರಡು ತುದಿಯಲ್ಲಿ ಸುಮಾರು 7.4, ಕೆಪಾಸಿಟರಿನಲ್ಲಿ ಸುಮಾರು 9.4. ಕೂಡಿಸಿದರೆ 16.8. ಕೊಟ್ಟಿದ್ದು 12! ಪ್ರತಿ ವರ್ಷ ಯಾರಾದರೂ ಒಬ್ಬರು "ಮೇಡಂ, ಮೀಟರ್ ಕೆಟ್ಟಿದೆ" ಅನ್ನುತ್ತಾರೆ. "ಕೆಟ್ಟಿಲ್ಲಪ್ಪ, ಎರಡನ್ನೂ ವರ್ಗ ಮಾಡಿ ಕೂಡಿಸು, ವರ್ಗಮೂಲ ತೆಗೆ" ಅನ್ನುತ್ತೇನೆ. 12 ಬರುತ್ತದೆ. ಎರಡು ವೋಲ್ಟೇಜುಗಳೂ ಒಂದೇ ಹೊತ್ತಿಗೆ ಶಿಖರ ಮುಟ್ಟುವುದಿಲ್ಲ, ಅವುಗಳ ನಡುವೆ 90 ಡಿಗ್ರಿ ಅಂತರ ಇದೆ, ಅದಕ್ಕೇ ವೋಲ್ಟೇಜುಗಳನ್ನು ಬಾಣಗಳಾಗಿ ತೋರಿಸುವ ಫೇಸರ್ ಚಿತ್ರದಲ್ಲಿ ಲಂಬವಾಗಿ ಬರೆಯುತ್ತೇವೆ ಅಂತ ಆಗ ಹೇಳಿದರೆ ಕಿವಿಗೆ ಬೀಳುತ್ತದೆ. ಬೋರ್ಡ್ ಮೇಲೆ ಚಿತ್ರ ಮೊದಲು, ಮೀಟರ್ ಆಮೇಲೆ ಅಂತ ಮಾಡಿದರೆ ಇಷ್ಟು ಹಿಡಿಸುವುದಿಲ್ಲ.

ಕರೆಂಟ್ ಎಷ್ಟು? 7.4 ವೋಲ್ಟನ್ನು 1000 ಓಮಿನಿಂದ ಭಾಗಿಸಿ, 7.4 ಮಿಲಿಆಂಪಿಯರ್. ಅದಕ್ಕೇ ಎಸಿ ಆಂಪಿಯರ್ ರೇಂಜ್ ಬೇಡ ಅಂದಿದ್ದು. ಪವರ್ ಫ್ಯಾಕ್ಟರ್ (ಫೇಸ್ ಕೋನದ ಕೊಸೈನ್) ಕೂಡ ಇಲ್ಲೇ ಇದೆ: 7.4 ಭಾಗ 12, ಅಂದರೆ ಸುಮಾರು 0.62. 5 ಅಂಕದ ಲೆಕ್ಕದಲ್ಲಿ ಕೇಳುವ ಇಂಪೀಡೆನ್ಸ್ (ಎಸಿಗೆ ಸರ್ಕ್ಯೂಟ್ ಒಡ್ಡುವ ಒಟ್ಟು ತಡೆ), ಕರೆಂಟ್, ಫೇಸ್ ಕೋನ ಎಲ್ಲವೂ ಈ ಎರಡೇ ರೀಡಿಂಗ್‌ನಿಂದ ಹೊರಬರುತ್ತವೆ.

ಚೋಕ್ ಇನ್ನೂ ಚೆನ್ನಾಗಿ ಪಾಠ ಹೇಳುತ್ತದೆ. ಓಮ್ ರೇಂಜ್‌ನಲ್ಲಿ ಅದು ಹತ್ತಾರು ಓಮ್ ಅಷ್ಟೇ ತೋರಿಸುತ್ತದೆ. ಎಸಿ ಕೊಟ್ಟಾಗ ಅದೇ ಚೋಕ್ ಸುಮಾರು 400 ಓಮಿನಷ್ಟು ತಡೆಯುತ್ತದೆ. ಒಂದು ಕಾಯಿಲಿಗೆ ಡಿಸಿ ಕೊಟ್ಟಾಗ ಇಷ್ಟು ಕರೆಂಟ್, ಅಷ್ಟೇ ವೋಲ್ಟ್ ಎಸಿ ಕೊಟ್ಟಾಗ ಇಷ್ಟು, ಇಂಡಕ್ಟೆನ್ಸ್ ಎಷ್ಟು ಅಂತ ಬರುವ ಪ್ರಶ್ನೆ ಇದೇ ಅಲ್ವಾ? ನನ್ನ ಹತ್ತಿರ ಇರುವ ಚೋಕ್ ಲೆಕ್ಕ ಹಾಕಿದರೆ ಸುಮಾರು 1.2 ಹೆನ್ರಿ.

ಆ ಚೋಕ್, 100 ಓಮ್ ಮತ್ತು ಒಂದು ಕೆಪಾಸಿಟರನ್ನು ಸರಣಿಯಲ್ಲಿ ಜೋಡಿಸಿ 12 ವೋಲ್ಟ್ ಕೊಟ್ಟು, ಆ ಕೆಪಾಸಿಟರಿಗೆ ಉಳಿದವನ್ನು ಒಂದೊಂದಾಗಿ ಸಮಾನಾಂತರದಲ್ಲಿ ಸೇರಿಸುತ್ತಾ ಹೋಗುವುದು ಮಕ್ಕಳಿಗೆ ಬಹಳ ಇಷ್ಟ. 100 ಓಮ್ ಮೇಲಿನ ವೋಲ್ಟೇಜ್ ಒಂದು ಕೆಪಾಸಿಟರಿಗೆ ಒಂದು ಚಿಲ್ಲರೆ, ಎರಡಕ್ಕೆ ನಾಲ್ಕರ ಹತ್ತಿರ, ಮೂರಕ್ಕೆ ಏಳು ದಾಟುತ್ತದೆ, ನಾಲ್ಕಕ್ಕೂ ಹೆಚ್ಚೂ ಕಡಿಮೆ ಅಷ್ಟೇ, ಐದಕ್ಕೆ ಇಳಿಯುತ್ತದೆ. ರೆಸೊನೆನ್ಸ್ (ಚೋಕ್ ಮತ್ತು ಕೆಪಾಸಿಟರಿನ ತಡೆ ಒಂದನ್ನೊಂದು ರದ್ದು ಮಾಡಿ ಕರೆಂಟ್ ಅತಿ ಹೆಚ್ಚಾಗುವ ಹಂತ) ಮೂರು-ನಾಲ್ಕರ ನಡುವೆ ಎಲ್ಲೋ ಇದೆ ಅಂತ ಅವರೇ ಹೇಳುತ್ತಾರೆ. ಸೂತ್ರದಲ್ಲಿ ಹಾಕಿದರೆ 8.4 ಮೈಕ್ರೋಫ್ಯಾರಡ್, ಸರಿಯಾಗಿ ಅಲ್ಲೇ. ಆಗ ಕೆಪಾಸಿಟರ್ ಮೇಲೆ ಅಳೆದರೆ 20ರ ರೇಂಜ್ ತುಂಬಿ ಹೋಗುತ್ತದೆ. 200ಕ್ಕೆ ತಿರುಗಿಸಿದರೆ 30 ವೋಲ್ಟ್! ಕೊಟ್ಟಿದ್ದು ಮಾತ್ರ 12. ರೆಸೊನೆನ್ಸಿನಲ್ಲಿ ಕೆಪಾಸಿಟರ್ ಮೇಲಿನ ವೋಲ್ಟೇಜ್ ಕೊಟ್ಟದ್ದರ ಎಷ್ಟು ಪಟ್ಟು ಎಂದು ಹೇಳುವ ಕ್ಯೂ ಫ್ಯಾಕ್ಟರ್ ಅಂದರೆ ಏನು ಅಂತ ಇದನ್ನು ನೋಡಿದವರಿಗೆ ಎರಡನೇ ಸಲ ವಿವರಿಸಿದ ನೆನಪಿಲ್ಲ. ಈ ಪ್ರಯೋಗಕ್ಕೆ 100 ಓಮ್ ರೆಸಿಸ್ಟರ್ 2 ವ್ಯಾಟಿನದ್ದು ಇರಲಿ. ಕಾಲು ವ್ಯಾಟಿನದು ಸುಟ್ಟುಹೋಗುತ್ತದೆ.

ಮೀಟರಿನಿಂದ ಆಗದ್ದೂ ಇದೆ. ನಮಗೆ ಸಿಗುವುದು 50 ಹರ್ಟ್ಸ್ ಮಾತ್ರ. ಫ್ರೀಕ್ವೆನ್ಸಿ ಬದಲಾದಂತೆ ಇಂಪೀಡೆನ್ಸ್ ಹೇಗೆ ಬದಲಾಗುತ್ತದೆ ಎಂಬ ಗ್ರಾಫನ್ನು ಇದು ತೋರಿಸಲಾರದು. ಅದಕ್ಕೆ ಕಂಪ್ಯೂಟರಿನಲ್ಲಿ ಸಿಗುವ ಉಚಿತ ಸಿಮ್ಯುಲೇಷನ್ ನೋಡಿ. ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಕೆಸಿಇಟಿಯಲ್ಲಿ ಫಿಸಿಕ್ಸಿಗೆ 80 ನಿಮಿಷಕ್ಕೆ 60 ಪ್ರಶ್ನೆ. ಅಲ್ಲಿ ಬೇಕಾದ ವೇಗ ಹಳೇ ಪ್ರಶ್ನೆ ಬಿಡಿಸಿಯೇ ಬರಬೇಕು. ಎಲ್‌ಸಿಆರ್ (ಇಂಡಕ್ಟರ್, ಕೆಪಾಸಿಟರ್, ರೆಸಿಸ್ಟರ್ ಮೂರೂ ಇರುವ ಸರ್ಕ್ಯೂಟ್) ಡಿರೈವೇಷನ್ನನ್ನೂ ಬರೆದೇ ಕಲಿಯಬೇಕು, ಮೀಟರ್ ಬರೆದುಕೊಡುವುದಿಲ್ಲ. ಇನ್ನೊಂದು ವಿಷಯ: ಸಾಮಾನ್ಯ ಮೀಟರ್ ನಿಜವಾಗಿ ಅಳೆಯುವುದು ಅಲೆಯ ಮೈನಸ್ ಅರ್ಧವನ್ನೂ ಪ್ಲಸ್ ಮಾಡಿಕೊಂಡ ಸರಾಸರಿಯನ್ನು, ಅದನ್ನು 1.11ರಿಂದ ಗುಣಿಸಿ ಆರ್‌ಎಂಎಸ್ ಅಂತ ತೋರಿಸುತ್ತದೆ. ಸೈನ್ ಅಲೆಗೆ ಇದು ಸರಿ. ಸ್ಕ್ವೇರ್ ಅಲೆಯಾದರೆ 11 ಶೇಕಡಾ ಜಾಸ್ತಿ ತೋರಿಸುತ್ತದೆ. ಕರೆಂಟ್ ಹೋಗಿ ಸ್ಕ್ವೇರ್ ಅಲೆಯ ಇನ್ವರ್ಟರ್ ಓಡುವಾಗ ಬರುವ ರೀಡಿಂಗ್ ನೋಡಿ ಗಾಬರಿ ಆಗಬೇಡಿ. ಟ್ರೂ ಆರ್‌ಎಂಎಸ್ ಮೀಟರಿಗೆ ಈ ತೊಂದರೆ ಇಲ್ಲ, ಆದರೆ ಪಿಯು ಓದಿಗೆ ಅಷ್ಟು ಖರ್ಚು ಬೇಕಿಲ್ಲ.

ಬಾಳಿಕೆ ಚೆನ್ನಾಗಿದೆ. ಮೊದಲು ಹೋಗುವುದು ಪ್ರೋಬ್ ವೈರ್, ಕಡ್ಡಿಯ ಬುಡದಲ್ಲೇ ಒಳಗೆ ತುಂಡಾಗುತ್ತದೆ. ಹೊರಗೆ ಕಾಣುವುದಿಲ್ಲ, ರೀಡಿಂಗ್ ಮಾತ್ರ ಕುಣಿಯುತ್ತದೆ. ಒಂದು ಜೊತೆ ಹೆಚ್ಚಿಗೆ ಇಟ್ಟುಕೊಳ್ಳಿ. ಮಿಲಿಆಂಪಿಯರ್ ತೂತಿನಲ್ಲಿ ವೈರ್ ಇಟ್ಟು ವೋಲ್ಟ್ ಅಳೆದರೆ ಫ್ಯೂಸ್ ಹೋಗುತ್ತದೆ. ಮಕ್ಕಳ ಕೈಯಲ್ಲಿ ಇದು ಆಗುತ್ತಲೇ ಇರುತ್ತದೆ, ಆ ತೂತಿಗೆ ಟೇಪ್ ಅಂಟಿಸಿಬಿಟ್ಟರೆ ಮುಗಿಯಿತು. ಬ್ಯಾಟರಿ ಚಿಹ್ನೆ ಕಂಡ ಮೇಲೆ ರೀಡಿಂಗ್ ನಂಬಬೇಡಿ, ಮೊದಲು ಬ್ಯಾಟರಿ ಬದಲಿಸಿ.

ಬೋರ್ಡ್ ಪರೀಕ್ಷೆ ಹತ್ತಿರ ಬಂದಾಗ ಇದನ್ನು ಕೊಳ್ಳಬೇಡಿ. ಆಗ ಜೋಡಿಸಿ ಅಳೆಯುವ ಸಮಾಧಾನ ಯಾರಿಗೂ ಇರುವುದಿಲ್ಲ. ದಸರಾ ರಜೆಯಲ್ಲಿ ತಂದು, ಇಬ್ಬರು ಮೂವರು ಸೇರಿ ಒಂದು ಮೀಟರ್ ಹಂಚಿಕೊಂಡು ಮಾಡಿ.